ಮತಯಂತ್ರದ ಕರಾರು ಎಷ್ಟು ಬಿಗಿಯಾಗಿರಬೇಕು?

ಭಾರತದಲ್ಲಿ ಚುನಾವಣಾ ಆಯೋಗ ಕೇಳುತ್ತದೆ, ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ಎಂಬ ಎರಡು ಸರಕಾರಿ ಸಂಸ್ಥೆಗಳು ಮತಯಂತ್ರ ಮಾಡಿಕೊಡುತ್ತವೆ. ಅಮೆರಿಕದ ಪದ್ಧತಿ ಬೇರೆ. ಅಲ್ಲಿನ ಬಹಳಷ್ಟು ರಾಜ್ಯಗಳಲ್ಲಿ ಕೌಂಟಿಗಳೇ (ನಮ್ಮ ಜಿಲ್ಲೆಗಳಂಥ ಆಡಳಿತ ಘಟಕಗಳು), ಕೆಲವೆಡೆ ಪಟ್ಟಣಗಳೇ, ಖಾಸಗಿ ಕಂಪನಿಗಳಿಂದ ಯಂತ್ರ ಕೊಳ್ಳುತ್ತವೆ. ಆ ಖರೀದಿಯ ಕರಾರಿನಲ್ಲಿ ಸ್ವತಂತ್ರ ತಪಾಸಣೆಯ ಹಕ್ಕು, ಸೋರ್ಸ್ ಕೋಡ್‌ನ (ಯಂತ್ರ ನಡೆಸುವ ತಂತ್ರಾಂಶದ ಮೂಲ ಬರಹದ) ಠೇವಣಿ, ಕಂಪನಿಯ ಮಾಲೀಕರು ಯಾರೆಂಬ ವಿವರ, ದೋಷ ಕಂಡ ಕೂಡಲೇ ವರದಿ ಮುಂತಾದ ಕಠಿಣ ಷರತ್ತುಗಳು ಕಡ್ಡಾಯವಾಗಬೇಕೇ? ಅಲ್ಲಿ ನೆಲೆಸಿರುವ ಇಬ್ಬರು ಕನ್ನಡಿಗರು ಇಲ್ಲಿ ವಾದಿಸಿದ್ದಾರೆ.

ಪರ
ಬಿಚ್ಚಿ ನೋಡಲು ಬಿಡದ ತಕ್ಕಡಿ ನನಗೆ ಬೇಡ
(ಲೇಖಕರು ನಾರ್ತ್ ಕ್ಯಾರೊಲೈನಾದಲ್ಲಿ ಸಾಫ್ಟ್‌ವೇರ್ ಎಂಜಿನಿಯರ್, ಹುಟ್ಟೂರು ಶಿರಸಿ ಸೀಮೆ)

ನಾನಿರುವ ನಾರ್ತ್ ಕ್ಯಾರೊಲೈನಾದ ಕರಾವಳಿಯಲ್ಲಿ ಕಾರ್ಟರೆಟ್ ಎಂಬ ಕೌಂಟಿ ಇದೆ. 2004ರ ನವೆಂಬರ್ ಚುನಾವಣೆಯಲ್ಲಿ ಅಲ್ಲಿ ಮುಂಗಡವಾಗಿ ಹಾಕಿದ ನಾಲ್ಕು ಸಾವಿರಕ್ಕೂ ಹೆಚ್ಚು ಮತಗಳು ಮಾಯವಾದವು. ಯಾರೂ ಕದ್ದಿರಲಿಲ್ಲ, ಯಾರೂ ಸುಟ್ಟಿರಲಿಲ್ಲ. ಯೂನಿಲೆಕ್ಟ್ ಎಂಬ ಕಂಪನಿಯ ಯಂತ್ರದಲ್ಲಿ 10,500 ಮತ ಹಿಡಿಸುತ್ತದೆ ಎಂದು ಕೌಂಟಿಯವರಿಗೆ ಹೇಳಲಾಗಿತ್ತು. ನಿಜವಾಗಿ ಹಿಡಿಸುತ್ತಿದ್ದದ್ದು 3,005. ತುಂಬಿದ ಮೇಲೆ ಯಂತ್ರ ನಿಂತುಹೋಗಿದ್ದರೆ ಯಾರಾದರೂ ಗಮನಿಸುತ್ತಿದ್ದರೇನೋ. ಅದು ನಿಲ್ಲಲಿಲ್ಲ. ಜನ ಬಂದು ಒತ್ತುತ್ತಲೇ ಹೋದರು, ಅದು ಒತ್ತಿಸಿಕೊಳ್ಳುತ್ತಲೇ ಹೋಯಿತು. ಒಳಗೆ ಏನೂ ಉಳಿಯಲಿಲ್ಲ. ಎಣಿಸಿ ನೋಡೋಣವೆಂದರೆ ಕಾಗದವೂ ಇಲ್ಲ.

ಅದೇ ಚುನಾವಣೆಯಲ್ಲಿ ರಾಜ್ಯದ ಕೃಷಿ ಕಮಿಷನರ್ ಹುದ್ದೆಯ ಸ್ಪರ್ಧೆಯ ಅಂತರ 2,287 ಮತ. ಕಳೆದುಹೋದದ್ದು ಅದರ ಸುಮಾರು ಎರಡರಷ್ಟು! ಮತ ಕಳೆದುಕೊಂಡವರಿಂದ ಒಬ್ಬ ಅಭ್ಯರ್ಥಿ ಪ್ರಮಾಣಪತ್ರ ಬರೆಸಿಕೊಂಡು ಬರಬೇಕಾಯಿತು. ಇನ್ನೊಬ್ಬರು ಸೋಲೊಪ್ಪುವ ಹೊತ್ತಿಗೆ ಮುಂದಿನ ಫೆಬ್ರವರಿ ಬಂದಿತ್ತು. ಇಷ್ಟೆಲ್ಲ ರಾದ್ಧಾಂತಕ್ಕೆ ಮೂಲ ಒಂದು ಅಂಕಿ. ಕೊಳ್ಳುವಾಗಲೇ ‘ನೀವು ಹೇಳಿದ ಹತ್ತು ಸಾವಿರದ ಐನೂರನ್ನು ನಮ್ಮೆದುರು ತುಂಬಿಸಿ ತೋರಿಸಿ, ಆಮೇಲೆ ದುಡ್ಡು’ ಎಂಬ ಒಂದು ಸಾಲನ್ನು ಕರಾರಿನಲ್ಲಿ ಬರೆದು ಹಾಗೆಯೇ ನಡೆಸಿದ್ದರೆ ಮೂರು ಸಾವಿರದ ಆರನೆಯ ಮತದಲ್ಲೇ ಗುಟ್ಟು ಬಯಲಾಗುತ್ತಿತ್ತು.

ನಾನು ಸಾಫ್ಟ್‌ವೇರ್ ಮಾರುವ ಕಂಪನಿಯಲ್ಲಿ ಅನ್ನ ತಿನ್ನುವವನು. ಒಂದು ಬ್ಯಾಂಕಿಗೆ ಸಾಧಾರಣ ಲೆಕ್ಕದ ತಂತ್ರಾಂಶ ಕೊಡಬೇಕೆಂದರೂ ಆ ಬ್ಯಾಂಕಿನವರು ದಪ್ಪ ಪ್ರಶ್ನಾವಳಿ ಕಳುಹಿಸುತ್ತಾರೆ. ಕೋಡ್ ಬರೆದವರು ಯಾರು, ಸರ್ವರ್ ಯಾವ ಊರಿನಲ್ಲಿದೆ, ಕೆಲಸ ಬಿಟ್ಟವನ ಪಾಸ್‌ವರ್ಡ್ ಎಷ್ಟು ಗಂಟೆಯೊಳಗೆ ರದ್ದಾಗುತ್ತದೆ, ನೀವು ಬಾಗಿಲು ಮುಚ್ಚಿದರೆ ಕೋಡ್ ನಮ್ಮ ಕೈಗೆ ಹೇಗೆ ಬರುತ್ತದೆ. ಗೊಣಗುತ್ತೇವೆ, ಉತ್ತರಿಸುತ್ತೇವೆ. ಗಿರಾಕಿ ಬೇಕಲ್ಲ! ಬ್ಯಾಂಕು ಕೇಳುವುದನ್ನು ಕೌಂಟಿ ಕೇಳಿದರೆ ಮಾತ್ರ ಅದು ‘ವ್ಯಾಪಾರಕ್ಕೆ ಅಡ್ಡಿ’ ಹೇಗಾಗುತ್ತದೆ?

ಕಾರ್ಟರೆಟ್‌ನ ಪೆಟ್ಟು ತಿಂದ ಮೇಲೆ ನಮ್ಮ ರಾಜ್ಯ 2005ರಲ್ಲಿ ಕಾನೂನು ಮಾಡಿತು. ಯಂತ್ರ ಮಾರುವವರು ಅದರ ಸೋರ್ಸ್ ಕೋಡನ್ನು ಮೂರನೆಯವರ ಬಳಿ ಠೇವಣಿ ಇಡಬೇಕು, ಬೇಕಾದಾಗ ಅದನ್ನು ಪರೀಕ್ಷಿಸಲು ಅವಕಾಶ ಇರಬೇಕು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನಿ, ಆದರೂ ಹಾಕಿದರು. ಆಗಿನ ದೊಡ್ಡ ಕಂಪನಿ ಡೀಬೋಲ್ಡ್ ಇದರ ವಿರುದ್ಧ ನ್ಯಾಯಾಲಯಕ್ಕೆ ಹೋಯಿತು, ಅಲ್ಲಿ ತನಗೆ ಬೇಕಾದದ್ದು ದಕ್ಕದಿದ್ದಾಗ ರಾಜ್ಯವನ್ನೇ ಬಿಟ್ಟು ಹೋಯಿತು. ಅದೇ ಕಂಪನಿಯ ಕೋಡ್ 2003ರಲ್ಲಿ ಅಂತರಜಾಲದಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಬಿದ್ದಿತ್ತು. ಜಾನ್ಸ್ ಹಾಪ್ಕಿನ್ಸ್ ಮತ್ತು ರೈಸ್ ವಿಶ್ವವಿದ್ಯಾಲಯದವರು ಅದನ್ನು ಓದಿದಾಗ, ಯಂತ್ರಗಳ ಗೂಢಲಿಪಿಯ ಕೀಲಿಯನ್ನು ಕೋಡ್‌ನೊಳಗೇ ಬರೆದಿಟ್ಟದ್ದು ಕಂಡಿತ್ತು. ಬೀಗ ಹಾಕಿ ಕೀಲಿಯನ್ನು ಅದೇ ಬಾಗಿಲಿನ ಮೊಳೆಗೆ ತೂಗುಹಾಕಿದಂತೆ. ಇಂಥವರು ಹೊರಟರೆ ದುಃಖಪಡಬೇಕೇ? ‘ಅಯ್ಯೋ, ಷರತ್ತು ಹಾಕಿದ್ದಕ್ಕೆ ಮಾರುವವರೆಲ್ಲ ಓಡಿಹೋದರು, ಒಬ್ಬರೇ ಉಳಿದರು’ ಎಂದು ಎದೆ ಬಡಿದುಕೊಳ್ಳುವವರು ಇಂದಿಗೂ ಇದ್ದಾರೆ. ಅವರ ಪ್ರಕಾರ ಹುಳುಕು ಹಲ್ಲನ್ನೂ ಕೀಳಬಾರದು, ಬಾಯಿ ಖಾಲಿಯಾಗುತ್ತದೆ.

ನಾನು ಹೆಚ್ಚು ಹೇಳಬೇಕಿರುವುದು ನ್ಯೂಜೆರ್ಸಿಯ ಬಗ್ಗೆ. 2008ರ ಫೆಬ್ರವರಿಯ ಅಧ್ಯಕ್ಷೀಯ ಪ್ರಾಥಮಿಕ ಚುನಾವಣೆ, ಅಂದರೆ ಪಕ್ಷಗಳು ತಮ್ಮ ಅಭ್ಯರ್ಥಿಯನ್ನು ಆರಿಸುವ ಸುತ್ತು, ಮುಗಿದಿತ್ತು. ಯೂನಿಯನ್ ಕೌಂಟಿಯ ಕ್ಲರ್ಕ್, ಅಂದರೆ ಅಲ್ಲಿನ ಚುನಾವಣೆ ನೋಡಿಕೊಳ್ಳುವ ಅಧಿಕಾರಿ, ಯಂತ್ರಗಳಿಂದ ಬಂದ ಕಾಗದದ ಸುರುಳಿಗಳನ್ನು ತಾಳೆ ನೋಡುತ್ತಿದ್ದರು. ಯಾವ ಪಕ್ಷದ ಎಷ್ಟು ಮತದಾರರು ಬಂದರು ಎಂಬ ಲೆಕ್ಕ ಕೆಲವು ಯಂತ್ರಗಳಲ್ಲಿ ಹೊಂದುತ್ತಿಲ್ಲ. ಕಂಪನಿ ಸಿಕೋಯಾ. ಕುಣಿಯಲಾರದವಳು ನೆಲ ಡೊಂಕು ಎಂದಂತೆ, ಮತಗಟ್ಟೆ ಸಿಬ್ಬಂದಿ ತಪ್ಪು ಗುಂಡಿ ಒತ್ತಿದ್ದಾರೆ ಎಂದಿತು. ಇರಬಹುದು. ಹಾಗಾದರೆ ಹೊರಗಿನವರು ನೋಡಲಿ ಎಂದು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಎಡ್ವರ್ಡ್ ಫೆಲ್ಟನ್ ಮತ್ತು ಆಂಡ್ರ್ಯೂ ಅಪೆಲ್ ಅವರಿಗೆ ಯಂತ್ರ ಕಳುಹಿಸುವ ಮಾತಾಯಿತು. ಆಗ ಬಂತು ಇಮೇಲ್. ಯಂತ್ರವನ್ನು ಹೀಗೆ ಬೇರೆಯವರ ಕೈಗೆ ಕೊಡುವುದು ಪರವಾನಗಿ ಕರಾರಿನ ಉಲ್ಲಂಘನೆ, ನಾವು ಕಾನೂನು ಕ್ರಮ ಕೈಗೊಳ್ಳಬೇಕಾಗುತ್ತದೆ ಎಂಬ ಅರ್ಥದ್ದು. ಕೌಂಟಿ ಹಿಂದೆ ಸರಿಯಿತು.

ದುಡ್ಡು ಕೊಟ್ಟದ್ದು ಜನ. ಯಂತ್ರ ಇದ್ದದ್ದು ಜನರ ಗೋದಾಮಿನಲ್ಲಿ. ಬಿಚ್ಚಬೇಡಿ ಎಂದದ್ದು ಮಾರಿದವನು. ಕರಾರಿನ ಆ ಸಾಲಿಗೆ ಸಹಿ ಹಾಕಿದ ದಿನವೇ ಕೌಂಟಿ ತನ್ನ ಕೈ ತಾನೇ ಕಟ್ಟಿಕೊಂಡಿತ್ತು. ಮತದಾರರು ಹೂಡಿದ್ದ ಮೊಕದ್ದಮೆಯೊಂದರಲ್ಲಿ ನ್ಯಾಯಾಲಯ ಆದೇಶಿಸಿದ ಮೇಲೆಯೇ ಅಪೆಲ್ ತಂಡ ಆ ಮಾದರಿಯ ಯಂತ್ರವನ್ನು ಬಿಚ್ಚಿದ್ದು. ಒಂದು ಚಿಪ್ ಬದಲಿಸಿ ಮತಗಳನ್ನು ತಿರುಚಲು ಏಳು ನಿಮಿಷ ಸಾಕು ಎಂದು ಅವರು ವರದಿ ಕೊಟ್ಟರು.

ಆ ಇಮೇಲಿನ ಸುದ್ದಿ ಓದಿದ ರಾತ್ರಿ ನನಗೆ ಊರಿನ ಸೊಸೈಟಿಯ ಅಡಿಕೆ ಗೋದಾಮು ಕಣ್ಣಮುಂದೆ ಬಂತು. ತೊಂಬತ್ತರ ದಶಕದ ಮಾತು. ಅಪ್ಪ ಅಲ್ಲಿ ಕಾರ್ಯದರ್ಶಿ. ಅಲ್ಲಿಯವರೆಗೆ ಸರಪಳಿಯ ದೊಡ್ಡ ತಕ್ಕಡಿ, ಕಬ್ಬಿಣದ ತೂಕದ ಕಲ್ಲು. ತಕ್ಕಡಿಯ ಮುಳ್ಳು ನಡುವೆ ನಿಂತಿತೋ ಇಲ್ಲವೋ ಎಂಬುದನ್ನು ಅಡಿಕೆ ತಂದವನು ತನ್ನ ಕಣ್ಣಿನಿಂದಲೇ ನೋಡುತ್ತಿದ್ದ. ಆಮೇಲೆ ಕೆಂಪು ಅಂಕಿ ಹೊಳೆಯುವ ಎಲೆಕ್ಟ್ರಾನಿಕ್ ತೂಕದ ಯಂತ್ರ ಬಂತು. ಮೊದಲ ಬೇಸಿಗೆ ಎಲ್ಲರಿಗೂ ಖುಷಿ. ಮಳೆಗಾಲ ಕಳೆಯುವ ಹೊತ್ತಿಗೆ ಗುಸುಗುಸು ಶುರುವಾಯಿತು. ಮನೆಯಲ್ಲಿ ತೂಗಿ ತಂದ ಚಾಲಿಯ ಚೀಲ ಇಲ್ಲಿ ಮುಕ್ಕಾಲು ಕಿಲೋ ಕಡಿಮೆ ತೋರಿಸುತ್ತದೆ. ಘಟ್ಟದ ಅಂಚಿನಿಂದ ಬರುತ್ತಿದ್ದ ಹಿರಿಯರೊಬ್ಬರು ಚೀಲದ ಮೇಲೆ ಕೈಯಿಟ್ಟು, “ಕಾರ್ಯದರ್ಶಿಗಳೇ, ನನ್ನ ಅಡಿಕೆ ದಾರಿಯಲ್ಲಿ ಬೆವರಿತೋ ಹೇಗೆ?” ಎಂದರು. ಸುತ್ತ ನಿಂತವರು ನಕ್ಕರು. ಅಪ್ಪ ನಗಲಿಲ್ಲ.

ಮಾರಿದವನನ್ನು ಕರೆಸಿದರು. ಅವನು ಮೇಲಿನ ಗುಂಡಿ ಎರಡು ಸಲ ಒತ್ತಿ, ಸೊನ್ನೆ ತೋರಿಸಿ, ಸರಿಯಿದೆ ಎಂದ. ಒಳಗೆ ನೋಡೋಣ ಎಂದರೆ, “ಬಿಚ್ಚಿದರೆ ವಾರಂಟಿ ಹೋಗುತ್ತದೆ ಸಾರ್, ಒಳಗಿನದು ಕಂಪನಿಯ ಗುಟ್ಟು” ಎಂದ. ಅಂದಿನಿಂದ ಅಪ್ಪ ದಿನಾ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಇಲಾಖೆಯ ಮುದ್ರೆಯಿದ್ದ 20 ಕಿಲೋದ ಮೂರು ಕಲ್ಲುಗಳನ್ನು ಯಂತ್ರದ ಮೇಲಿಟ್ಟು, ಅಲ್ಲಿದ್ದ ರೈತರಿಂದಲೇ ಅಂಕಿ ಓದಿಸಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡತೊಡಗಿದರು. ಒಂದು ದಿನ ಸರಿ, ಒಂದು ದಿನ ಅರ್ಧ ಕಿಲೋ ಆಚೆ, ಒಂದು ದಿನ ಈಚೆ. ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರ್ ಬಂದಾಗ ಆ ನೋಟ್‌ಬುಕ್ ಮುಂದಿಟ್ಟರು. ಅವರು ಸೀಸದ ಮುದ್ರೆ ಕತ್ತರಿಸಿ ತಟ್ಟೆ ಎತ್ತಿಸಿದರು. ಒಳಗೆ ಇರುವೆ ಗೂಡು. ತಟ್ಟೆಗೂ ಚೌಕಟ್ಟಿಗೂ ನಡುವೆ ಒದ್ದೆ ಮಣ್ಣು ಕಟ್ಟಿ, ತೂಕ ಹಿಡಿಯುವ ಭಾಗ ಅಲುಗಾಡಲು ಜಾಗವೇ ಇರಲಿಲ್ಲ. ಕಂಪನಿಯ ಗುಟ್ಟು ಎಂದರೆ ಕೆಂಪಿರುವೆ!

ಮುಂದಿನ ಯಂತ್ರ ಕೊಳ್ಳುವಾಗ ಅಪ್ಪ ಸೊಸೈಟಿಯ ಲೆಟರ್‌ಹೆಡ್ಡಿನಲ್ಲಿ ನಾಲ್ಕು ಸಾಲು ಬರೆದರು. ಸಂಶಯ ಬಂದರೆ ಇಲಾಖೆಯವರ ಎದುರು ಬಿಚ್ಚುತ್ತೇವೆ, ಅದಕ್ಕೆ ವಾರಂಟಿ ಹೋಗತಕ್ಕದ್ದಲ್ಲ. ಕೆಟ್ಟರೆ ಮೂರು ದಿನದೊಳಗೆ ಬರಬೇಕು. ಬರದಿದ್ದರೆ ಬದಲಿ ಯಂತ್ರ ಕೊಡಬೇಕು. ಕೊನೆಯ ಕಂತು ಒಂದು ಮಳೆಗಾಲ ಕಳೆದ ಮೇಲೆ. ವ್ಯಾಪಾರಿ ಸ್ವಲ್ಪ ಹೊತ್ತು ಮುಖ ಸಿಂಡರಿಸಿ, ಕಾಫಿ ಕುಡಿದು, ಸಹಿ ಹಾಕಿದ. ಓಡಿಹೋಗಲಿಲ್ಲ.

ಇನ್ನೊಂದು ಷರತ್ತಿನ ಬಗ್ಗೆ ಎರಡು ಮಾತು: ಮಾಲೀಕರು ಯಾರು? 2018ರಲ್ಲಿ ಮೇರಿಲ್ಯಾಂಡ್ ರಾಜ್ಯಕ್ಕೆ ಎಫ್‌ಬಿಐ ಒಂದು ವಿಷಯ ತಿಳಿಸಿತು. ರಾಜ್ಯದ ಮತದಾರರ ನೋಂದಣಿಯ ದತ್ತಾಂಶವನ್ನು ಇಟ್ಟುಕೊಂಡಿದ್ದ ಕಂಪನಿಯ ಬೆನ್ನಿಗಿದ್ದ ಹೂಡಿಕೆಯಲ್ಲಿ ರಷ್ಯಾದ ಶ್ರೀಮಂತನೊಬ್ಬನ ಹಣವಿದೆ ಎಂದು. ರಾಜ್ಯದವರಿಗೆ ಅದು ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. 2025ರ ಅಕ್ಟೋಬರಿನಲ್ಲಿ ಡೊಮಿನಿಯನ್ ಎಂಬ ಮತಯಂತ್ರ ಕಂಪನಿ ಕೈ ಬದಲಾಗಿ ಲಿಬರ್ಟಿ ವೋಟ್ ಎಂಬ ಹೆಸರು ಪಡೆಯಿತು. ಹೊಸ ಮಾಲೀಕರು ಒಳ್ಳೆಯವರೇ ಇರಬಹುದು, ಅದು ನನ್ನ ತಕರಾರಲ್ಲ. ನೀವು ಒಬ್ಬರ ಜೊತೆ ಕರಾರು ಮಾಡಿಕೊಂಡಿರಿ, ಒಂದು ಬೆಳಿಗ್ಗೆ ಎದ್ದರೆ ಇನ್ನೊಬ್ಬರು. ಮಾಲೀಕರು ಬದಲಾದರೆ ಮೊದಲೇ ತಿಳಿಸಬೇಕು, ನಮಗೆ ಒಪ್ಪಿಗೆಯಾಗದಿದ್ದರೆ ದಂಡವಿಲ್ಲದೆ ಹೊರಬರುತ್ತೇವೆ ಎಂಬ ಸಾಲು ಎಷ್ಟು ಕೌಂಟಿಗಳ ಕರಾರಿನಲ್ಲಿದೆ? ಬಾಡಿಗೆ ಮನೆಯ ಕರಾರಿನಲ್ಲೂ ಇಷ್ಟು ಬರೆಸಿಕೊಳ್ಳುತ್ತೇವೆ. ದೂರದಿಂದ ಕಂಪ್ಯೂಟರ್ ನಡೆಸುವ ತಂತ್ರಾಂಶವನ್ನು 2000ದಿಂದ 2006ರ ನಡುವೆ ಕೆಲವು ಗಿರಾಕಿಗಳಿಗೆ ಕೊಟ್ಟಿದ್ದೆವು ಎಂದು ದೇಶದ ಅತಿ ದೊಡ್ಡ ಮತಯಂತ್ರ ಕಂಪನಿ ಇಎಸ್ ಅಂಡ್ ಎಸ್ ಒಪ್ಪಿಕೊಂಡದ್ದು 2018ರಲ್ಲಿ, ಅದೂ ಸೆನೆಟರ್ ರಾನ್ ವೈಡನ್ ಪತ್ರ ಬರೆದು ಕೇಳಿದ ಮೇಲೆ. ಕೇಳದಿದ್ದರೆ ಹೇಳುವವರು ಯಾರೂ ಇಲ್ಲ. ಕರಾರು ಎಂದರೆ ಕೇಳುವ ಹಕ್ಕನ್ನು ಮೊದಲೇ ಬರೆದಿಡುವುದು.

ಇದನ್ನೆಲ್ಲ ಹೇಳಿದರೆ ಕೂಡಲೇ, ರಾಜ್ಯದ ಸೆನೆಟ್ ಒಂದು ಕೌಂಟಿಯ ಯಂತ್ರಗಳನ್ನು ತನಗೆ ಬೇಕಾದವರ ಕೈಗೆ ತಪಾಸಣೆಗೆ ಕೊಟ್ಟ ಅರಿಜೋನಾವನ್ನು ತೋರಿಸಿ ಹೆದರಿಸುತ್ತಾರೆ. ಮರದ ಕೆಳಗೆ ಕುಳಿತ ಬಾಬಾನ ಕೈಗೆ ಯಂತ್ರ ಕೊಟ್ಟಂತೆ ಅಲ್ಲಿ ಏನೋ ಆಯಿತಂತೆ, ಆದ್ದರಿಂದ ಇನ್ನು ಯಾರೂ ಯಂತ್ರ ಮುಟ್ಟಬಾರದಂತೆ. ನಕಲಿ ವೈದ್ಯರಿದ್ದಾರೆಂದು ಆಸ್ಪತ್ರೆಗೆ ಬೀಗ ಹಾಕುವ ಈ ವಾದಕ್ಕೆ ಉತ್ತರ ಬರೆಯುತ್ತಾ ಕೂರಲು ನನಗೆ ಸಮಯವಿಲ್ಲ.

ಈಗ ನಮ್ಮ ರಾಜ್ಯದಲ್ಲಿ ಕಾಗದ ಇದೆ. ನಾನು ಮತ ಹಾಕುವ ಗಟ್ಟೆಯಲ್ಲಿ ಪೆನ್ನಿನಿಂದ ಸೊನ್ನೆಗಳನ್ನು ತುಂಬಿ, ಹಾಳೆಯನ್ನು ಯಂತ್ರದ ಬಾಯಿಗೆ ಹಿಡಿದರೆ ಅದು ಸರಕ್ಕನೆ ಎಳೆದುಕೊಳ್ಳುತ್ತದೆ. ಪರದೆಯ ಮೇಲಿನ ಒಟ್ಟು ಸಂಖ್ಯೆ ಒಂದು ಹೆಚ್ಚುತ್ತದೆ. ಹಿಂದಿನ ಸಲ ನನ್ನದು ನಾನೂರರ ಆಸುಪಾಸಿನಲ್ಲಿತ್ತು. ಹಿಂದೆ ನಿಂತಿದ್ದವರು ಕೆಮ್ಮುವವರೆಗೂ ನಾನು ಆ ಅಂಕಿಯನ್ನು ನೋಡುತ್ತಾ ನಿಂತಿದ್ದೆ.

ವಿರೋಧ
ನಲವತ್ತೊಂದು ಷರತ್ತು, ಬಿಡ್ ಸೊನ್ನೆ
(ಲೇಖಕಿ ಪೆನ್ಸಿಲ್ವೇನಿಯಾದ ಸಣ್ಣ ಕೌಂಟಿಯೊಂದರ ಖರೀದಿ ವಿಭಾಗದಲ್ಲಿದ್ದಾರೆ, ಹುಟ್ಟೂರು ದಾವಣಗೆರೆ)

ಪರ ಬರೆಯಲು ಒಬ್ಬರು ಸಿಕ್ಕಿದ್ದಾರೆ, ಸಾಫ್ಟ್‌ವೇರ್‌ನವರು, ನೀವು ವಿರೋಧ ಬರೆದುಕೊಡಿ ಎಂದು ಸಂಪಾದಕರು ಕೇಳಿದರು. ದಾಕ್ಷಿಣ್ಯಕ್ಕೆ ಒಪ್ಪಿಕೊಂಡೆ. ಷರತ್ತೇ ಬೇಡ ಎಂದು ಖರೀದಿ ವಿಭಾಗದವಳು ಹೇಗೆ ಹೇಳಲಿ? ಷರತ್ತು ಬರೆಯುವುದೇ ನನ್ನ ಸಂಬಳದ ಕೆಲಸ. ಆದರೆ ಬರೆದು ಬರೆದು ಗೊತ್ತಾದ ಒಂದೆರಡು ಸಂಗತಿಗಳಿವೆ, ಅವನ್ನು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಕೌಂಟಿಗೆ ಹಿಮ ತೆಗೆಯುವ ಲಾರಿ ಬೇಕಾಗಿತ್ತು. ಹಳೆಯದರ ಉಪ್ಪು ಚೆಲ್ಲುವ ಪೆಟ್ಟಿಗೆ ತುಕ್ಕು ಹಿಡಿದು ಅಲ್ಲಲ್ಲಿ ತೂತು ಬಿದ್ದಿತ್ತು. ಹೊಸದಾಗಿ ಬಂದಿದ್ದ ವಕೀಲರು ಬಹಳ ಹುರುಪಿನವರು. ಟೆಂಡರ್‌ಗೆ ನಲವತ್ತೊಂದು ಷರತ್ತು ಬರೆದುಕೊಟ್ಟರು. ದುರಸ್ತಿ ಕೇಂದ್ರ ಇಪ್ಪತ್ತೈದು ಮೈಲಿಯೊಳಗೆ ಇರಬೇಕು, ಕರೆದ ನಾಲ್ಕು ಗಂಟೆಯಲ್ಲಿ ಮೆಕ್ಯಾನಿಕ್ ಬರಬೇಕು, ತಡವಾದರೆ ದಿನಕ್ಕೆ ಐನೂರು ಡಾಲರ್ ದಂಡ, ಹೀಗೆ. ಓದಲು ಚೆನ್ನಾಗಿತ್ತು, ನಾನೇ ಟೈಪ್ ಮಾಡಿದೆ. ಲಕೋಟೆ ತೆರೆಯುವ ದಿನ ಮೇಜಿನ ಮೇಲೆ ಒಂದೂ ಲಕೋಟೆ ಇಲ್ಲ. ನಮ್ಮ ಮೇಲಧಿಕಾರಿ ಅಂಚೆ ವಿಭಾಗಕ್ಕೆ ಎರಡು ಸಲ ಫೋನ್ ಮಾಡಿಸಿದರು, ಎಲ್ಲಾದರೂ ಸಿಕ್ಕಿಕೊಂಡಿದೆಯೇನೋ ಎಂದು. ಎರಡನೆಯ ಸಲ ಕರೆದಾಗ ಒಂದು ಬಿಡ್ ಬಂತು, ನಾವು ಅಂದಾಜು ಮಾಡಿದ್ದಕ್ಕಿಂತ ಮೂರನೆಯ ಒಂದು ಪಾಲು ಹೆಚ್ಚು. ಅಷ್ಟರಲ್ಲಿ ನವೆಂಬರ್. ಆ ಚಳಿಗಾಲ ತೂತು ಬಿದ್ದ ಪೆಟ್ಟಿಗೆಗೆ ತಗಡು ಬಡಿದು ದೂಡಿದೆವು. ಹೊಸ ಲಾರಿ ಬಂದದ್ದು ಮಾರ್ಚ್ ಕೊನೆಗೆ, ಕಚೇರಿಯ ಮುಂದೆ ಹಳದಿ ಹೂಗಳು ಅರಳಿದ ಮೇಲೆ. ಅದರ ಮುಂದೆ ನಿಂತು ಎಲ್ಲರೂ ಫೋಟೋ ತೆಗೆಸಿಕೊಂಡರು, ವಕೀಲರೂ.

ಲಾರಿಗಾದರೆ ಚಳಿಗಾಲ ಮತ್ತೆ ಬರುತ್ತದೆ. ಚುನಾವಣೆಯ ದಿನಾಂಕ ಕಾಯುವುದಿಲ್ಲ. 2018ರಲ್ಲಿ ನಮ್ಮ ರಾಜ್ಯ, 2020ರ ಪ್ರಾಥಮಿಕ ಚುನಾವಣೆಯೊಳಗೆ ಕಾಗದದ ದಾಖಲೆ ಇರುವ ಯಂತ್ರಗಳು ಎಲ್ಲ 67 ಕೌಂಟಿಗಳಲ್ಲೂ ಇರಬೇಕು ಎಂದಿತು. ಒಳ್ಳೆಯ ಆದೇಶವೇ. ಆದರೆ ಇಷ್ಟು ಕೌಂಟಿಗಳು ಒಂದೇ ಸಂತೆಗೆ ಒಂದೇ ವಾರ ಹೋದರೆ ಬೆಲೆ ಹೇಳುವವರು ಯಾರು? ಮಾರುವ ದೊಡ್ಡ ಕಂಪನಿಗಳು ದೇಶಕ್ಕೆಲ್ಲ ಮೂರು. ಅಂಗಡಿ ಮೂರೇ ಇರುವ ಊರಿನಲ್ಲಿ ಗಿರಾಕಿಯ ಗತ್ತು ಎಷ್ಟು ನಡೆಯುತ್ತದೆ ಎಂಬುದು ನನ್ನ ಅಮ್ಮನಿಗೂ ಗೊತ್ತಿತ್ತು.

ನಾರ್ತ್ ಕ್ಯಾರೊಲೈನಾದ 2005ರ ಕಾನೂನನ್ನು ಪರ ಬರೆಯುವವರು ಖಂಡಿತ ಹೊಗಳಿರುತ್ತಾರೆ. ಆಮೇಲೆ ಏನಾಯಿತು ಎಂಬುದನ್ನೂ ಬರೆದಿದ್ದರೆ ಸಂತೋಷ. ಡೀಬೋಲ್ಡ್ ಹೊರಟಿತು, 2019ರವರೆಗೆ ಆ ಇಡೀ ರಾಜ್ಯಕ್ಕೆ ಇಎಸ್ ಅಂಡ್ ಎಸ್ ಒಂದೇ ಅಂಗಡಿ. ಹತ್ತು ವರ್ಷಕ್ಕೂ ಮೇಲ್ಪಟ್ಟು ಒಬ್ಬನೇ ವ್ಯಾಪಾರಿ. ಷರತ್ತು ಕಾಗದದಲ್ಲಿ ಬಿಗಿ, ಚೌಕಾಸಿ ಮಾಡಲು ಎದುರಿಗೆ ಎರಡನೆಯವನಿಲ್ಲ.

ಟೆಕ್ಸಸ್‌ನ ಟ್ರಾವಿಸ್ ಕೌಂಟಿ, ಅಂದರೆ ಆಸ್ಟಿನ್ ನಗರ ಇರುವ ಕೌಂಟಿ, ಇನ್ನೂ ಮುಂದೆ ಹೋಗಿತ್ತು. ರೈಸ್ ವಿಶ್ವವಿದ್ಯಾಲಯದ ತಜ್ಞರನ್ನೂ ಸೇರಿಸಿಕೊಂಡು ತಮಗೆ ಎಂಥ ಯಂತ್ರ ಬೇಕೆಂಬುದನ್ನು ತಾವೇ ರೂಪಿಸಿದರು. ಸ್ಟಾರ್‌ವೋಟ್ ಎಂದು ಹೆಸರು. ಕೋಡ್ ಎಲ್ಲರಿಗೂ ತೆರೆದಿರಬೇಕು, ಪ್ರತಿ ಮತವನ್ನೂ ತಾಳೆ ನೋಡುವಂತಿರಬೇಕು. ವರ್ಷಗಟ್ಟಲೆ ದುಡಿದು ಟೆಂಡರ್ ಕರೆದರೆ, ಕೇಳಿದ್ದನ್ನೆಲ್ಲ ಪೂರೈಸುವ ಬಿಡ್ ಬರಲಿಲ್ಲ. 2017ರಲ್ಲಿ ಕೈಬಿಟ್ಟರು. ಆಮೇಲೆ ಕೊಂಡದ್ದು ಅದೇ ಮಾರುಕಟ್ಟೆಯ ಸಿದ್ಧ ಸರಕನ್ನು. ಅಷ್ಟು ದೊಡ್ಡ ಕೌಂಟಿಯ ಕಥೆ ಇದಾದರೆ ನಮ್ಮಂಥವರ ಪಾಡೇನು? ನಮ್ಮ ಚುನಾವಣಾ ಕಚೇರಿಯಲ್ಲಿ ಎರಡೂವರೆ ಜನ. ಅರ್ಧ ಯಾರೆಂದರೆ, ಮಧ್ಯಾಹ್ನದ ಮೇಲೆ ಖಜಾಂಚಿ ಕಚೇರಿಗೆ ಹೋಗಿ ನಾಯಿ ಲೈಸೆನ್ಸ್ ಕೊಡುವಾಕೆ.

ತಪಾಸಣೆಯ ಹಕ್ಕಿನ ಬಗ್ಗೆ. ನಮ್ಮದೇ ರಾಜ್ಯದ ಫುಲ್ಟನ್ ಕೌಂಟಿಯಲ್ಲಿ ಹದಿನಾಲ್ಕು ಹದಿನೈದು ಸಾವಿರ ಜನ. 2020ರ ಚುನಾವಣೆಯ ನಂತರ ಅಲ್ಲಿನವರು ಹೊರಗಿನ ಒಂದು ಕಂಪನಿಗೆ ಯಂತ್ರ ನೋಡಲು ಬಿಟ್ಟರು. 2021ರ ಜುಲೈನಲ್ಲಿ ರಾಜ್ಯ ಆ ಯಂತ್ರಗಳ ಮಾನ್ಯತೆಯನ್ನೇ ರದ್ದು ಮಾಡಿತು. ಕೈಬದಲಾದ ಯಂತ್ರವನ್ನು ಮತ್ತೆ ನಂಬುವುದು ಹೇಗೆ? ಕೋರ್ಟಿನ ತಡೆ ಇದ್ದಾಗಲೂ ಇನ್ನೊಮ್ಮೆ ತಪಾಸಣೆಗೆ ಬಿಟ್ಟು, 2023ರಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನಿಂದ ನ್ಯಾಯಾಂಗ ನಿಂದನೆಯ ತೀರ್ಪು ಪಡೆದರು. ಅರಿಜೋನಾದ ಮಾರಿಕೋಪ ಕೌಂಟಿಯ ಯಂತ್ರಗಳನ್ನು ರಾಜ್ಯದ ಸೆನೆಟ್ ತನಗೆ ಬೇಕಾದವರ ಕೈಗೆ ಕೊಟ್ಟು ಹಿಂದಿರುಗಿಸಿದಾಗ ಕೌಂಟಿ ಅವನ್ನು ಮತ್ತೆ ಬಳಸುವಂತಿರಲಿಲ್ಲ. ಹೊಸದಕ್ಕೆ ಸುಮಾರು 28 ಲಕ್ಷ ಡಾಲರ್. ಕೊಲೊರಾಡೊದ ಮೇಸಾ ಕೌಂಟಿಯ ಕ್ಲರ್ಕ್ ಟೀನಾ ಪೀಟರ್ಸ್ ಹೊರಗಿನವನನ್ನು ಒಳಗೆ ಬಿಟ್ಟುಕೊಂಡದ್ದಕ್ಕೆ 2024ರಲ್ಲಿ ಒಂಬತ್ತು ವರ್ಷದ ಶಿಕ್ಷೆಯಾಯಿತು. ಸ್ವತಂತ್ರ ತಪಾಸಣೆ ಎಂಬ ಮಾತು ಸಾಫ್ಟ್‌ವೇರ್‌ನವರ ಕಿವಿಗೆ ಪ್ರೊಫೆಸರರಂತೆ ಕೇಳುತ್ತದೆ. ಬಾಗಿಲು ತೆರೆದ ಮೇಲೆ ಒಳಗೆ ಬರುವವರು ಪ್ರೊಫೆಸರರೇ ಆಗಿರಬೇಕೆಂದು ಕರಾರಿನಲ್ಲಿ ಯಾವ ಪದದಲ್ಲಿ ಬರೆಯುತ್ತೀರಿ? ನಾನು ಪ್ರಯತ್ನಿಸಿ ನೋಡಿದ್ದೇನೆ, ಆಗುವುದಿಲ್ಲ.

ನ್ಯೂಜೆರ್ಸಿಯ ಇಮೇಲ್ ಬಗ್ಗೆಯೂ ಅವರು ಬರೆದಿರಬಹುದು. ಅದು 2008ರ ಮಾತು, ಆ ಕಂಪನಿಯೇ ಈಗಿಲ್ಲ.

ಫ್ಲಾರಿಡಾದ ಸಾರಸೋಟ ಕೌಂಟಿಯಲ್ಲಿ 2006ರಲ್ಲಿ ಸಂಸತ್ತಿನ ಸ್ಥಾನವೊಂದಕ್ಕೆ ಸುಮಾರು 18,000 ಮತದಾರರ ಮತ ದಾಖಲಾಗಲಿಲ್ಲ, ಗೆಲುವಿನ ಅಂತರ 369. ಸೋತವರು ಸೋರ್ಸ್ ಕೋಡ್ ಕೇಳಿದರು, ವ್ಯಾಪಾರದ ಗುಟ್ಟು ಎಂದು ನ್ಯಾಯಾಧೀಶರು ಕೊಡಿಸಲಿಲ್ಲ. ದೊಡ್ಡ ಗಲಾಟೆ. ಆದರೆ ರಾಜ್ಯ ನೇಮಿಸಿದ ತಜ್ಞರು ಕೋಡ್ ಓದಿದರು, ಕೇಂದ್ರದ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ ಯಂತ್ರಗಳನ್ನೇ ಪರೀಕ್ಷಿಸಿತು. ಯಂತ್ರದ ದೋಷ ಕಾಣಲಿಲ್ಲ. ಪರದೆಯ ಮೇಲೆ ಆ ಸ್ಪರ್ಧೆಯನ್ನು ರಾಜ್ಯಪಾಲರ ಸ್ಪರ್ಧೆಯ ಜೊತೆಗೇ ಜೋಡಿಸಿದ್ದರಿಂದ ಜನರ ಕಣ್ಣು ತಪ್ಪಿತು ಎಂಬುದೇ ಹಲವರು ನಂಬುವ ವಿವರಣೆ. ಕೋಡ್ ತಿಜೋರಿಯಲ್ಲಿದ್ದರೂ ಹೊರಗಿದ್ದರೂ ಅದನ್ನು ತಪ್ಪಿಸಲಾಗುತ್ತಿರಲಿಲ್ಲ.

ನಮ್ಮ ಪಕ್ಕದ ಉದಾಹರಣೆ ನಾರ್ತಾಂಪ್ಟನ್ ಕೌಂಟಿ. 2019ರಲ್ಲಿ ನ್ಯಾಯಾಧೀಶ ಹುದ್ದೆಯ ಅಭ್ಯರ್ಥಿಯೊಬ್ಬರಿಗೆ ಐವತ್ತೈದು ಸಾವಿರ ಮತಪತ್ರಗಳಲ್ಲಿ ಯಂತ್ರ ತೋರಿಸಿದ್ದು 164 ಮತ. ರಾತ್ರಿಯೆಲ್ಲ ಕುಳಿತು ಕಾಗದ ಎಣಿಸಿದರೆ ಅವರೇ ಗೆದ್ದವರು. ಅಂದು ಮಾನ ಉಳಿಸಿದ್ದು ಕಾಗದ. 2023ರಲ್ಲಿ ಅದೇ ಕೌಂಟಿಯಲ್ಲಿ ಇಬ್ಬರು ನ್ಯಾಯಾಧೀಶರು ಹುದ್ದೆಯಲ್ಲಿ ಮುಂದುವರಿಯಬೇಕೇ ಬೇಡವೇ ಎಂಬ ಮತಗಳು ಕಾಗದದ ಮುದ್ರಣದಲ್ಲಿ ಅದಲುಬದಲಾದವು. ಕಂಪನಿಯವರು ತಪ್ಪು ಮಾಡಿದ್ದರು ನಿಜ, ಚುನಾವಣೆಗೆ ಮುನ್ನ ನಡೆಸಿದ ಪರೀಕ್ಷೆಯಲ್ಲಿ ಕೌಂಟಿಯವರಿಗೂ ಅದು ಕಾಣಲಿಲ್ಲ. ಆದ್ದರಿಂದ ಷರತ್ತಿಗೆ ಹಾಕುವ ದುಡ್ಡನ್ನು ಪರೀಕ್ಷೆಗೆ, ಕಾಗದಕ್ಕೆ, ಇನ್ನೊಂದು ಜೊತೆ ಕೈಗೆ ಹಾಕಿ ಎನ್ನುತ್ತೇನೆ. ಹಾಗೆನ್ನುವಾಗಲೇ, ಷರತ್ತಿಗೆ ಅಂಥ ದುಡ್ಡೇನೂ ಖರ್ಚಾಗುವುದಿಲ್ಲವಲ್ಲ ಎಂದು ನನಗೇ ಅನ್ನಿಸುತ್ತದೆ. ಇರಲಿ.

ಒಂದು ವಿಷಯ ಮುಚ್ಚಿಡುವುದು ಬೇಡ. ನಮ್ಮ ನಿರ್ವಹಣಾ ಕರಾರಿನ ನವೀಕರಣ ಬರುತ್ತಿದೆ. ಬೇರೆ ಯಾವ ಕೌಂಟಿಯಲ್ಲಿ ದೋಷ ಕಂಡರೂ ನಮಗೆ 24 ಗಂಟೆಯೊಳಗೆ ತಿಳಿಸಬೇಕು ಎಂಬ ಸಾಲನ್ನು ಕರಡಿಗೆ ಸೇರಿಸಿದವಳು ನಾನೇ. ಕಂಪನಿಯ ವಕೀಲರು ಕೆಂಪು ಗೆರೆ ಎಳೆದು ‘ಸೂಕ್ತ ಸಮಯದಲ್ಲಿ’ ಎಂದು ತಿದ್ದಿ ಕಳುಹಿಸಿದರು. ನಾನು ಮತ್ತೆ 24 ಎಂದು ಬರೆದೆ. ಮೂರನೆಯ ಸಲ ಹೋಗಿ ಬಂದಿದೆ, ಈಗ 72ರಲ್ಲಿದ್ದೇವೆ.

ಸೋರ್ಸ್ ಕೋಡ್‌ನ ಠೇವಣಿಯನ್ನು ಮಾತ್ರ ನಾನು ಕೇಳಲಿಲ್ಲ. ತಂದಿಟ್ಟರೆ ನಮ್ಮಲ್ಲಿ ಓದುವವರು ಯಾರು? ಬೆಳಿಗ್ಗೆಯಾದರೆ ಆಕೆ ಇರುತ್ತಾಳೆ, ಮಧ್ಯಾಹ್ನದ ಮೇಲೆ ನಾಯಿ ಲೈಸೆನ್ಸ್.